ಇಂದಿನ ಹೊತ್ತೇ ಪೂಜೆಯ ಹೊತ್ತು

ಮನುಷ್ಯನ ದೇಹ ಇರುವುದು ಇಂದಿನಲ್ಲಿ. ಆದರೆ ಮನಸ್ಸು ಇಂದಿನಲ್ಲಿ ನಿಲ್ಲಲು ಒಪ್ಪುವುದಿಲ್ಲ. ಒಮ್ಮೆ ಹಿಂದಕ್ಕೆ ಓಡಿ, ಕಳೆದುಹೋದುದನ್ನು ನೆನೆದು ಕೊರಗುತ್ತದೆ. ಮತ್ತೊಮ್ಮೆ ಮುಂದಕ್ಕೆ ಓಡಿ, ಇನ್ನೂ ಬಾರದಿರುವುದನ್ನು ನೆನೆದು ನಡುಗುತ್ತದೆ. ಈ ಎರಡು ಓಟಗಳ ನಡುವೆ ಭಗವಂತ ನಮ್ಮ ಕೈಗೆ ಕೊಟ್ಟ ಹೊತ್ತು ಬಳಕೆಯಾಗದೆಯೇ ಕಳೆದುಹೋಗುತ್ತದೆ. ಚಿತೆಗೂ ಚಿಂತೆಗೂ ಒಂದು ಸೊನ್ನೆಯಷ್ಟೇ ಅಂತರವೆಂದು ಹಿರಿಯರು ಹೇಳುತ್ತಾ ಬಂದಿದ್ದಾರೆ. ಚಿತೆ ಸತ್ತವರನ್ನು ಸುಟ್ಟರೆ ಚಿಂತೆ ಬದುಕಿರುವವರನ್ನು ಸುಡುತ್ತದೆ. ಈ ಮಾತನ್ನು ನಾವು ಇಂದು ಮತ್ತೆ ನೆನಪಿಸಿಕೊಳ್ಳುವುದಕ್ಕೆ ಕಾರಣವಿದೆ.

ಹದಿನಾರು, ಸುತ್ತೂರು, ನಂಜನಗೂಡು, ತಿರುಮಕೂಡಲು ನರಸೀಪುರ ಇವೆಲ್ಲ ಕಪಿಲೆಯ ಸೀಮೆಯ ಊರುಗಳು. ಈ ಸೀಮೆಯ ಯಾವ ಅರಳಿಕಟ್ಟೆಯ ಮೇಲೆ ಕುಳಿತರೂ ಈಚಿನ ವರ್ಷಗಳಲ್ಲಿ ಕಿವಿಗೆ ಬೀಳುವ ಮಾತು ಒಂದೇ: “ಮುಂದೆ ಹೇಗೋ ಏನೋ!” ಈ ಮಾತು ಸುಮ್ಮನೆ ಹುಟ್ಟಿದ್ದಲ್ಲ. ಕಳೆದ ಕೆಲವು ವರ್ಷಗಳ ಸಂಗತಿಗಳನ್ನು ಒಂದರ ಪಕ್ಕದಲ್ಲಿ ಒಂದಿಟ್ಟು ನೋಡಿದರೆ ಅದು ಎಲ್ಲಿಂದ ಬಂತೆಂಬುದು ತಿಳಿಯುತ್ತದೆ.

2020ರ ಮಾರ್ಚ್ ತಿಂಗಳ ಕೊನೆಯಲ್ಲಿ ನಂಜನಗೂಡಿನ ಔಷಧಿ ಕಾರ್ಖಾನೆಯೊಂದರ ನೌಕರರಲ್ಲಿ ಕೊರೊನಾ ಸೋಂಕು ಕಾಣಿಸಿಕೊಂಡಿತು. ದಕ್ಷಿಣಕಾಶಿಯೆಂದು ಹೆಸರಾದ ಊರಿನ ಹೆಸರು ಕೇಳಿದರೆ ಜನ ಹಿಂದೆ ಸರಿಯುವಂತಾಯಿತು. ಶ್ರೀಕಂಠೇಶ್ವರನ ಸನ್ನಿಧಿಯ ಬಾಗಿಲು ಭಕ್ತರಿಗೆ ಮುಚ್ಚಿತು. 2023ರಲ್ಲಿ ಮಳೆ ಕೈಕೊಟ್ಟಿತು. ದೇಶದಲ್ಲಿ 1901ರಿಂದ ಮಳೆಯ ಲೆಕ್ಕ ಇಟ್ಟ ಮೇಲೆ ಅಷ್ಟು ಒಣಗಿದ ಆಗಸ್ಟ್ ತಿಂಗಳು ಬಂದಿರಲಿಲ್ಲ. ರಾಜ್ಯದ 236 ತಾಲ್ಲೂಕುಗಳಲ್ಲಿ 223 ತಾಲ್ಲೂಕುಗಳು ಬರಪೀಡಿತವೆಂದು ಘೋಷಿತವಾದವು. ಕಾವೇರಿ ನೀರಿಗಾಗಿ ಸೆಪ್ಟೆಂಬರ್ 29ರಂದು ಕರ್ನಾಟಕ ಬಂದ್ ನಡೆಯಿತು. ಮರುವರ್ಷ, 2024ರ ಜುಲೈನಲ್ಲಿ, ಅದೇ ಆಕಾಶ ಎಲ್ಲವನ್ನೂ ಒಮ್ಮೆಗೇ ಸುರಿಯಿತು. ಕಪಿಲೆ ಹುಟ್ಟುವ ವಯನಾಡು ಜಿಲ್ಲೆಯಲ್ಲಿ ಜುಲೈ 30ರಂದು ಗುಡ್ಡ ಕುಸಿದು ನೂರಾರು ಜೀವಗಳು ಮಣ್ಣುಪಾಲಾದವು. ಆ ದಿನಗಳ ಮಳೆಗೆ ಬೀಚನಹಳ್ಳಿಯ ಕಬಿನಿ ಅಣೆಕಟ್ಟೆ ತುಂಬಿ ಕಪಿಲೆ ದಡ ಮೀರಿ ಹರಿದಳು. ಹಿಂದೆ 2018 ಮತ್ತು 2019ರಲ್ಲಿ ಕಂಡ ಪ್ರವಾಹದ ಭೀತಿ ನದಿಪಾತ್ರದ ಮನೆಗಳಿಗೆ ಮತ್ತೆ ಮರಳಿತು.

ರೋಗ, ಬರ, ನೆರೆ. ಇವುಗಳ ಹಿಂದೆಯೇ ನಾಲ್ಕನೆಯದಾಗಿ ಬಂದದ್ದು ಸಾಲ.

2025ರ ಜನವರಿಯಲ್ಲಿ ನಂಜನಗೂಡು ತಾಲ್ಲೂಕಿನ ಮತ್ತು ಪಕ್ಕದ ಚಾಮರಾಜನಗರ ಜಿಲ್ಲೆಯ ಕೆಲವು ಹಳ್ಳಿಗಳಿಂದ ಬಂದ ಸುದ್ದಿ ನಾಡನ್ನೇ ತಲೆತಗ್ಗಿಸುವಂತೆ ಮಾಡಿತು. ಮೈಕ್ರೊ ಫೈನಾನ್ಸ್ ಸಂಸ್ಥೆಗಳ ಕಂತು ಕಟ್ಟಲಾರದ ಕುಟುಂಬಗಳು ಮನೆಗೆ ಬೀಗ ಜಡಿದು ಊರು ಬಿಟ್ಟಿದ್ದವು. ಕೆಲವರು ಪ್ರಾಣವನ್ನೇ ಕಳೆದುಕೊಂಡರು. ಹುಟ್ಟಿದ ಊರಿನಲ್ಲಿ, ತಾವೇ ಕಟ್ಟಿದ ಮನೆಯ ಜಗಲಿಯ ಮೇಲೆ ಕುಳಿತುಕೊಳ್ಳಲು ಮನುಷ್ಯ ಹೆದರುವಂತಾಯಿತೆಂದರೆ ಆ ಸಂಕಟವನ್ನು ಏನೆಂದು ಹೇಳೋಣ?

ಈ ಸಾಲ ಹೇಗೆ ಬೆಳೆಯುತ್ತದೆಂಬುದನ್ನು ಹಿರಿಯರು ತಿಳಿದಿರಬೇಕು. ಜಮೀನಿನ ಪತ್ರ ಬೇಡ, ಒಡವೆಯ ಅಡವು ಬೇಡ, ಹತ್ತಾರು ಹೆಂಗಸರು ಒಂದು ಗುಂಪಾದರೆ ಸಾಕು, ಸಾಲ ಸಿಗುತ್ತದೆ. ಆದರೆ ಗುಂಪಿನಲ್ಲಿ ಒಬ್ಬಳು ಕಂತು ತಪ್ಪಿಸಿದರೆ ಉಳಿದವರ ಮೇಲೂ ಒತ್ತಡ ಬೀಳುತ್ತದೆ. ಆಗ ಮರ್ಯಾದೆಗೆ ಅಂಜಿ ಇನ್ನೊಂದು ಸಂಸ್ಥೆಯಲ್ಲಿ ಸಾಲ ಎತ್ತಿ ಮೊದಲನೆಯ ಸಾಲದ ಕಂತು ಕಟ್ಟುತ್ತಾರೆ. ಎರಡನೆಯದಕ್ಕೆ ಮೂರನೆಯದು. ಕೊನೆಗೆ ಆ ಮನೆಯವರು ದುಡಿಯುವುದು ಉಣ್ಣುವುದಕ್ಕಲ್ಲ, ವಾರದ ದಿನವನ್ನು ದಾಟುವುದಕ್ಕೆ. ರಿಸರ್ವ್ ಬ್ಯಾಂಕು 2022ರಲ್ಲಿ ಹೊರಡಿಸಿದ ನಿಯಮದ ಪ್ರಕಾರ ಒಂದು ಕುಟುಂಬದ ಎಲ್ಲ ಸಾಲಗಳ ತಿಂಗಳ ಕಂತು ಸೇರಿ ಆ ಕುಟುಂಬದ ತಿಂಗಳ ಆದಾಯದ ಅರ್ಧವನ್ನು ಮೀರುವಂತಿಲ್ಲ. ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ಸಾಲಗಾರರಿಗೆ ಕರೆ ಮಾಡಿ ಪೀಡಿಸುವಂತಿಲ್ಲ. ಬೈಯುವಂತಿಲ್ಲ, ಬೆದರಿಸುವಂತಿಲ್ಲ. ಇಂಥ ನಿಯಮವಿದೆಯೆಂಬುದೇ ಹಳ್ಳಿಯ ತಾಯಂದಿರಿಗೆ ತಿಳಿದಿರಲಿಲ್ಲ. 2025ರ ಫೆಬ್ರವರಿ 12ರಂದು ರಾಜ್ಯದಲ್ಲಿ ಹೊಸ ಸುಗ್ರೀವಾಜ್ಞೆ ಜಾರಿಗೆ ಬಂದು, ಬಲವಂತದ ವಸೂಲಿಗೆ 10 ವರ್ಷಗಳವರೆಗೆ ಸೆರೆವಾಸ, 5 ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸಲು ಅವಕಾಶವಾಯಿತು.

ಕಾನೂನು ಬಂದದ್ದು ಒಳ್ಳೆಯದೇ. ಆದರೆ ಕಾನೂನಿಗೆ ತನ್ನದೇ ಕಾಲವಿದೆ, ಪರಿಹಾರಕ್ಕೂ ತನ್ನದೇ ಕಾಲವಿದೆ. 2023ರ ಬರ ಮೊದಲು ಘೋಷಣೆಯಾದದ್ದು ಆ ವರ್ಷದ ಸೆಪ್ಟೆಂಬರಿನಲ್ಲಿ. 2024ರ ಜನವರಿಯಲ್ಲಿ ರಾಜ್ಯ ಸರ್ಕಾರ ಮೊದಲ ಕಂತಾಗಿ ರೈತರಿಗೆ ತಲಾ 2,000 ರೂಪಾಯಿಗಳವರೆಗೆ ಕೊಟ್ಟಿತು. ರಾಜ್ಯ ಕೇಳಿದ್ದ 18,171 ಕೋಟಿ ರೂಪಾಯಿಗಳ ಬದಲು ಕೇಂದ್ರದಿಂದ ಸುಮಾರು 3,454 ಕೋಟಿ ಬಂದದ್ದು, ಪ್ರಕರಣ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದ ಮೇಲೆ, ಏಪ್ರಿಲ್ ಕೊನೆಯಲ್ಲಿ. ಯಾರದು ತಪ್ಪು, ಯಾರದು ಸರಿ ಎಂಬ ವಾದಕ್ಕೆ ನಾವು ಹೋಗುವುದಿಲ್ಲ. ನಾವು ಕೇಳುವುದು ಇಷ್ಟೇ: ಸೆಪ್ಟೆಂಬರಿಗೂ ಏಪ್ರಿಲಿಗೂ ನಡುವಿನ ಏಳು ತಿಂಗಳು ರೈತನ ಮನೆಯ ಒಲೆ ಉರಿಯಲೇಬೇಕಲ್ಲವೇ? ಆ ನಡುವಿನ ರಾತ್ರಿಗಳನ್ನು ಅವನು ಯಾವ ಬಲದಿಂದ ಕಳೆಯಬೇಕು? 2023ರ ಏಪ್ರಿಲಿನಿಂದ 2024ರ ಜುಲೈವರೆಗೆ ರಾಜ್ಯದಲ್ಲಿ ಆತ್ಮಹತ್ಯೆ ಮಾಡಿಕೊಂಡ ರೈತರ ಸಂಖ್ಯೆ ಸರ್ಕಾರದ ಲೆಕ್ಕದಲ್ಲಿಯೇ ಸಾವಿರವನ್ನು ಮೀರಿತು. ಅವರಲ್ಲಿ ಎಷ್ಟು ಜನ ಇನ್ನೊಂದು ರಾತ್ರಿಯನ್ನು ಕಳೆದಿದ್ದರೆ ಬದುಕುತ್ತಿದ್ದರೋ ಶಿವನೇ ಬಲ್ಲ.

ಪ್ರಾರ್ಥನೆಯ ಪ್ರಶ್ನೆ ಏಳುವುದು ಇಲ್ಲಿ, ಈ ನಡುವಿನ ರಾತ್ರಿಯಲ್ಲಿ.

ಅನೇಕರು ಪ್ರಾರ್ಥನೆಯೆಂದರೆ ನಾಳೆಗಾಗಿ ಸಲ್ಲಿಸುವ ಅರ್ಜಿ ಎಂದು ತಿಳಿದಿದ್ದಾರೆ. ಮಳೆ ಬರಲಿ, ಮಗನಿಗೆ ನೌಕರಿ ಸಿಗಲಿ, ಬೆಳೆಗೆ ಬೆಲೆ ಬರಲಿ, ಬಂದರೆ ಇಷ್ಟು ಕಾಣಿಕೆ. ಬೇಡುವುದು ತಪ್ಪಲ್ಲ. ಮಗು ತಾಯಿಯ ಬಳಿ ಬೇಡದೆ ಇನ್ನಾರ ಬಳಿ ಬೇಡೀತು? ಆದರೆ ಅಷ್ಟಕ್ಕೇ ನಿಂತ ಪ್ರಾರ್ಥನೆ ಮನಸ್ಸನ್ನು ಮತ್ತೆ ನಾಳೆಗೇ ಕಟ್ಟಿಹಾಕುತ್ತದೆ. ಕೇಳಿದ್ದು ಸಿಗುವವರೆಗೆ ಆತಂಕ, ಸಿಗದಿದ್ದರೆ ದೇವರ ಮೇಲೆಯೇ ಮುನಿಸು. ಶರಣರು ತೋರಿದ ಇಷ್ಟಲಿಂಗಪೂಜೆ ಇದಕ್ಕಿಂತ ಬೇರೆಯಾದುದು. ಲಿಂಗವನ್ನು ಎಡ ಅಂಗೈಯಲ್ಲಿ ಇರಿಸಿಕೊಂಡು, ಬೆನ್ನು ನೆಟ್ಟಗೆ ಮಾಡಿ, ಎವೆಯಿಕ್ಕದೆ ನೋಡುತ್ತ ಕುಳಿತುಕೊಳ್ಳಬೇಕು. ಉಸಿರು ತಾನಾಗಿ ನಿಧಾನವಾಗುತ್ತದೆ. ಕಣ್ಣು ನಿಂತಲ್ಲಿ ಮನಸ್ಸು ಮೆಲ್ಲನೆ ಬಂದು ನಿಲ್ಲುತ್ತದೆ. ಅಂಗೈಯಲ್ಲಿ ಲಿಂಗ ಹಿಡಿದವನು ನಿನ್ನೆಯ ಲಿಂಗವನ್ನು ನೋಡಲಾರ, ನಾಳೆಯ ಲಿಂಗವನ್ನೂ ನೋಡಲಾರ. ಅವನ ಕಣ್ಣ ಮುಂದೆ ಇರುವುದು ಈ ಗಳಿಗೆಯ ಲಿಂಗ ಮಾತ್ರ. ದೇವರು ದೂರದ ಕೈಲಾಸದಲ್ಲಿ ಮುಂದೆಂದೋ ಸಿಗುವವನಲ್ಲ, ಈಗ ಇಲ್ಲಿ ಅಂಗೈಯಲ್ಲಿ ಇರುವವನು ಎಂಬುದೇ ಇದರ ತಾತ್ಪರ್ಯ.

2020ರಲ್ಲಿ ಗುಡಿಯ ಬಾಗಿಲುಗಳು ಮುಚ್ಚಿದಾಗ ಅಂಗೈಯ ಗುಡಿಗೆ ಬಾಗಿಲೇ ಇರಲಿಲ್ಲವೆಂಬುದು ಲಿಂಗಧಾರಿಗಳಿಗೆ ಹೊಸದಾಗಿ ಅರ್ಥವಾಯಿತು. ಲಿಂಗಧಾರಿಗಳಲ್ಲದವರೂ ಮನೆಯ ದೀಪದ ಮುಂದೆ ಕುಳಿತು ಅದೇ ಸಮಾಧಾನ ಕಂಡರು. ಆ ದಿನಗಳಲ್ಲಿ ಇನ್ನೂ ಎರಡು ತಿಂಗಳು ಹೇಗೆ ಎಂದು ಯೋಚಿಸಿದವರು ಕಂಗೆಟ್ಟರು. ಇವತ್ತು ಯಾರ ಮನೆಯಲ್ಲಿ ಅಕ್ಕಿ ಇಲ್ಲ, ಯಾರ ಮನೆಗೆ ಔಷಧಿ ಬೇಕು ಎಂದು ಕೇಳಿದವರಿಗೆ ಕೈತುಂಬ ಕೆಲಸ ಸಿಕ್ಕಿತು, ಕೆಲಸದ ಜೊತೆಗೆ ಧೈರ್ಯವೂ ಸಿಕ್ಕಿತು. ಮೇ ತಿಂಗಳ ಮಧ್ಯದ ಹೊತ್ತಿಗೆ ಮೈಸೂರು ಜಿಲ್ಲೆಯ ಆ ಮೊದಲ ಸುತ್ತಿನ ಸೋಂಕಿತರೆಲ್ಲರೂ ಗುಣಮುಖರಾಗಿ ಮನೆಗೆ ಮರಳಿದರು. ಅನಂತರದ ಅಲೆಗಳಲ್ಲಿ ಬಹಳ ನೋವು ಬಂತು, ನಿಜ. ಆದರೆ ಆ ಮೊದಲ ಪಾಠವನ್ನು ನಾವು ಮರೆಯಬಾರದು.

ಇಂದಿನಲ್ಲಿ ನಿಲ್ಲುವುದೆಂದರೆ ಏನೆಂಬುದಕ್ಕೆ ಶರಣ ಪರಂಪರೆಯಲ್ಲಿ ಆಯ್ದಕ್ಕಿ ದಂಪತಿಗಳಿಗಿಂತ ಒಳ್ಳೆಯ ನಿದರ್ಶನವಿಲ್ಲ. ಮಾರಯ್ಯನವರ ಕಾಯಕ ಕಲ್ಯಾಣದ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು. ಆ ಅಕ್ಕಿಯಲ್ಲಿಯೇ ಲಕ್ಕಮ್ಮನವರು ಜಂಗಮ ದಾಸೋಹ ನಡೆಸುತ್ತಿದ್ದರು. ಒಂದು ದಿನ ಮಾರಯ್ಯನವರು ಎಂದಿಗಿಂತ ಹೆಚ್ಚು ಅಕ್ಕಿ ತಂದರು. ಬೇರೆ ಗೃಹಿಣಿಯಾಗಿದ್ದರೆ ನಾಳೆಗಾಯಿತೆಂದು ಸಂತೋಷಪಡುತ್ತಿದ್ದಳೇನೋ. ಲಕ್ಕಮ್ಮನವರು ಹಾಗೆ ಮಾಡಲಿಲ್ಲ. ಇಂದಿನ ದಾಸೋಹಕ್ಕೆ ಬೇಕಾದುದಕ್ಕಿಂತ ಹೆಚ್ಚಿನದು ನಮ್ಮದಲ್ಲವೆಂದು ಹೇಳಿ, ಮಿಕ್ಕದ್ದನ್ನು ತಂದಲ್ಲಿಯೇ ಸುರಿದು ಬರುವಂತೆ ಗಂಡನನ್ನು ಹಿಂದಕ್ಕೆ ಕಳುಹಿಸಿದರು. ಬಡತನದ ಮನೆಯಲ್ಲಿ ಅಂಥ ಮಾತು ಆಡಲು ಎಷ್ಟು ನಿರ್ಭಯ ಬೇಕು! ನಾಳೆಯ ಭಯ ಇಲ್ಲದವರಿಗೆ ಮಾತ್ರ ಅದು ಸಾಧ್ಯ.

ಆದರೆ ಭಕ್ತರೇ, ಇಲ್ಲಿ ಒಂದು ಎಚ್ಚರಿಕೆಯ ಮಾತನ್ನು ಹೇಳಲೇಬೇಕು. ಈ ಕಥೆಯನ್ನು ಉಳ್ಳವರು ಇಲ್ಲದವರಿಗೆ ಹೇಳಬಾರದು. ಹಸಿದವನ ಮುಂದೆ ತೃಪ್ತಿಯ ಉಪದೇಶ ಮಾಡುವುದು ಶರಣಧರ್ಮವಲ್ಲ. ಸಾಲದಲ್ಲಿ ಮುಳುಗಿದ ತಾಯಿಗೆ “ಚಿಂತೆ ಬಿಡಮ್ಮ, ಶಿವ ಇದ್ದಾನೆ” ಎಂದು ಹೇಳಿ ಎದ್ದು ಹೋಗುವವನು ಶಿವನ ಹೆಸರನ್ನು ತನ್ನ ಸೋಮಾರಿತನಕ್ಕೆ ಬಳಸಿಕೊಂಡಂತೆ. ಲಕ್ಕಮ್ಮನವರು ಹೆಚ್ಚಿನದನ್ನು ಹಿಂದಿರುಗಿಸಲು ಧೈರ್ಯ ತಾಳಿದ್ದು ಅವರ ಸುತ್ತ ಶರಣರ ಸಂಗವಿದ್ದುದರಿಂದ. ನಾಳೆ ನನ್ನ ಮನೆಯಲ್ಲಿ ಇಲ್ಲದಿದ್ದರೆ ನೆರೆಯವರ ಮನೆಯಲ್ಲಿ ಇರುತ್ತದೆ ಎಂಬ ಭರವಸೆ ಇರುವ ಊರಿನಲ್ಲಿ ಮಾತ್ರ ಮನುಷ್ಯ ಇಂದಿನಲ್ಲಿ ನೆಮ್ಮದಿಯಾಗಿ ಬದುಕಬಲ್ಲ. ಆದ್ದರಿಂದ ಇಂದಿನಲ್ಲಿ ನಿಲ್ಲುವುದು ಒಬ್ಬನ ಸಾಧನೆಯಷ್ಟೇ ಅಲ್ಲ, ಇಡೀ ಊರಿನ ಹೊಣೆಯೂ ಹೌದು.

“ಬುದ್ಧಿ, ಪೂಜೆ ಮಾಡಿದರೆ ಕಂತು ತೀರುತ್ತದೆಯೇ?” ಎಂದು ಯಾರಾದರೂ ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ತೀರುವುದಿಲ್ಲ. ಪೂಜೆಯಿಂದ ಬಡ್ಡಿ ಇಳಿಯುವುದಿಲ್ಲ, ಬತ್ತಿದ ಕೊಳವೆಬಾವಿ ಉಕ್ಕುವುದಿಲ್ಲ. ಆದರೆ ಭಯದಲ್ಲಿರುವವನು ಲೆಕ್ಕದ ಪುಸ್ತಕವನ್ನು ತೆರೆದು ನೋಡಲಾರ. ಬಾಗಿಲು ತಟ್ಟಿದರೆ ಅಡಗುತ್ತಾನೆ, ಹೆಂಡತಿಯೊಡನೆ ಮಾತು ಬಿಡುತ್ತಾನೆ, ಕೊನೆಗೆ ಹೆಂಡಕ್ಕೋ ವಿಷಕ್ಕೋ ಕೈ ಚಾಚುತ್ತಾನೆ. ಅರ್ಧ ಗಳಿಗೆ ಸ್ಥಿರವಾಗಿ ಕುಳಿತು ಎದ್ದವನು, “ನಾನು ಈಗ ಬದುಕಿದ್ದೇನೆ, ನನ್ನ ಮಕ್ಕಳು ಇಲ್ಲಿ ಇದ್ದಾರೆ, ನನ್ನ ಸಾಲ ಇಷ್ಟು, ಇಂದು ನಾನು ಮಾಡಬಹುದಾದುದು ಇಷ್ಟು” ಎಂದು ಎಣಿಸಬಲ್ಲ. ಪರ್ವತದಂತೆ ಕಂಡ ಕಷ್ಟ ಆಗ ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ. ಪ್ರಾರ್ಥನೆ ಕೊಡುವ ಭರವಸೆ ನಾಳೆ ಎಲ್ಲ ಸರಿಹೋಗುತ್ತದೆಂಬ ಹುಸಿಮಾತಲ್ಲ. ಇಂದಿನ ಒಂದು ಮೆಟ್ಟಿಲನ್ನು ಹತ್ತುವ ಕಸುವು ಅದು.

ಈ ಬಗೆಯ ಭರವಸೆ ಎಷ್ಟು ದೂರ ಕರೆದೊಯ್ಯುತ್ತದೆಂಬುದಕ್ಕೆ ನಮ್ಮ ಸೀಮೆಯಲ್ಲಿಯೇ ಸಾಕ್ಷಿ ಇದೆ. ಸುತ್ತೂರು ಶ್ರೀಮಠದ ಶ್ರೀ ರಾಜೇಂದ್ರ ಮಹಾಸ್ವಾಮಿಗಳವರು 1941ರಲ್ಲಿ ಮೈಸೂರಿನಲ್ಲಿ ಕೆಲವೇ ಬಡ ವಿದ್ಯಾರ್ಥಿಗಳಿಗಾಗಿ ಉಚಿತ ಪ್ರಸಾದ ನಿಲಯ ತೆರೆದರು. ಎರಡನೆಯ ಮಹಾಯುದ್ಧದ ಕಾಲ ಅದು, ಧಾನ್ಯಕ್ಕೆ ಅಭಾವ. ಮುಂದೆ ದೊಡ್ಡ ವಿದ್ಯಾಸಂಸ್ಥೆಯಾಗುತ್ತದೆಂದು ಯಾರೂ ಬರೆದುಕೊಟ್ಟಿರಲಿಲ್ಲ. ಕಣ್ಣೆದುರಿಗಿದ್ದ ಮಕ್ಕಳ ಇಂದಿನ ಹಸಿವು ಒಂದೇ ಅವರಿಗೆ ಕಂಡದ್ದು. 1954ರಲ್ಲಿ ಸ್ಥಾಪನೆಯಾದ ಜೆಎಸ್‌ಎಸ್ ಮಹಾವಿದ್ಯಾಪೀಠ ಬೆಳೆದದ್ದು ಆ ಒಂದು ಹೊತ್ತಿನ ಅನ್ನದ ಮೇಲೆ. 2019ರ ಜನವರಿ 21ರಂದು 111ನೆಯ ವಯಸ್ಸಿನಲ್ಲಿ ಲಿಂಗೈಕ್ಯರಾದ ಸಿದ್ಧಗಂಗೆಯ ಡಾ. ಶಿವಕುಮಾರ ಸ್ವಾಮಿಗಳವರ ಬದುಕೂ ಇದನ್ನೇ ಸಾರುತ್ತದೆ. ಸಾವಿರಾರು ಮಕ್ಕಳ ದಾಸೋಹವನ್ನು ಅವರು ನಡೆಸಿದ್ದು ಒಂದೊಂದು ದಿನವಾಗಿ. ಪ್ರತಿದಿನವೂ ಪೂಜೆ, ಪ್ರತಿದಿನವೂ ಪ್ರಸಾದ.

ಇಂದಿನಲ್ಲಿ ಬದುಕುವುದೆಂದರೆ ನಾಳೆಯನ್ನು ಮರೆತು ಕೂರುವುದೆಂದು ಯಾರೂ ಭಾವಿಸಬಾರದು. ಹದಿನಾರಿನ ಕೆರೆಯನ್ನೇ ನೋಡಿ. ಏರಿಗೆ ಮಣ್ಣು ಹೊತ್ತವರು ಯಾರೋ, ಅವರ ಹೆಸರು ನಮಗೆ ತಿಳಿಯದು. ಅವರು ತಮ್ಮ ಪಾಲಿನ ಬುಟ್ಟಿ ಮಣ್ಣನ್ನು ತಮ್ಮ ದಿನದಲ್ಲಿ ಹಾಕಿ ಹೋದರು. ಅದರ ಫಲವನ್ನು ಇಂದಿನವರು ಉಣ್ಣುತ್ತಿದ್ದಾರೆ. ಬೀಜಕ್ಕೆಂದು ರಾಗಿ ತೆಗೆದಿಡುವುದು, ಕೆರೆಯ ಹೂಳೆತ್ತುವುದು, ಬೆಳೆ ವಿಮೆ ಕಟ್ಟುವುದು ಇವೆಲ್ಲ ನಾಳೆಯ ಕೆಲಸಗಳಲ್ಲ, ನಾಳೆಗಾಗಿ ಇಂದು ಮಾಡುವ ಕೆಲಸಗಳು. ಚಿಂತೆ ನಾಳೆಯನ್ನು ಇಂದಿಗೆ ಎಳೆತಂದು ಇಂದನ್ನೂ ಕೆಡಿಸುತ್ತದೆ, ಕಾಯಕ ಇಂದನ್ನು ನಾಳೆಗೆ ದಾಟಿಸುತ್ತದೆ.

ಅದೇ ಕೆರೆಗೆ ಪ್ರತಿ ಚಳಿಗಾಲದಲ್ಲಿ ಪಟ್ಟೆತಲೆಯ ಹೆಬ್ಬಾತುಗಳು ಬರುತ್ತವೆ. ಮಂಗೋಲಿಯಾ, ಟಿಬೆಟ್ಟುಗಳ ಕಡೆಯಿಂದ ಹಿಮಾಲಯವನ್ನೇ ದಾಟಿ ಬರುವ ಹಕ್ಕಿಗಳವು. ನೋಡಲು ದೂರದೂರದಿಂದ ಜನ ಬರುತ್ತಾರೆ. ಹಾರುವ ಕಾಲಕ್ಕೆ ಹಾರಿ, ಇಳಿಯುವ ಕಾಲಕ್ಕೆ ಇಳಿದು, ನೀರಿರುವಷ್ಟು ದಿನ ಇದ್ದು ಹೋಗುತ್ತವೆ. ಅವು ನಮ್ಮ ಹೊಲದ ಪೈರಿಗೂ ಬಾಯಿ ಹಾಕುತ್ತವೆಂಬ ದೂರು ರೈತರಿಗಿದೆ, ಅದು ಸುಳ್ಳಲ್ಲ. ಆದರೂ ಸಾವಿರಾರು ಮೈಲಿಯ ದಾರಿಯನ್ನು ಒಂದೊಂದು ರೆಕ್ಕೆಯ ಬಡಿತದಲ್ಲಿ ಮುಗಿಸುವ ಆ ಜೀವಗಳಿಂದ ಕಲಿಯುವುದು ಇದೆ.

ಹದಿನಾರಿನ ಜೊತೆಗೆ ಹಳೆಯ ಐತಿಹ್ಯವೊಂದು ಹೆಣೆದುಕೊಂಡಿದೆ. ಹಿಂದಿನ ಹದಿನಾಡು ಇದೇ ಎಂಬ ನಂಬಿಕೆ. ಗಂಡುದಿಕ್ಕಿಲ್ಲದೆ ಕಂಗೆಟ್ಟಿದ್ದ ತಾಯಿ ಮಗಳಿಗೆ ದ್ವಾರಕೆಯಿಂದ ಬಂದ ಯದುರಾಯ, ಕೃಷ್ಣರಾಯ ಎಂಬ ಸಹೋದರರು ನೆರವಾದರೆಂದೂ, ಅದಕ್ಕೆ ಜಂಗಮರೊಬ್ಬರು ಒತ್ತಾಸೆಯಾಗಿ ನಿಂತರೆಂದೂ, ಆ ಉಪಕಾರದ ನೆನಪಿಗೆ ಮೈಸೂರಿನ ರಾಜವಂಶಕ್ಕೆ ‘ಒಡೆಯರ್’ ಎಂಬ ಹೆಸರು ಬಂತೆಂದೂ ಹೇಳುತ್ತಾರೆ. ಆ ವಂಶದ ಆರಂಭವನ್ನು 1399 ಎಂದು ಎಣಿಸುವುದು ರೂಢಿ. ರಾಜ್ಯ ಬಂದದ್ದು ಆಮೇಲಿನ ಮಾತು. ಮೊದಲು ನಡೆದದ್ದು ಅಳುವವರ ದನಿಗೆ ಕಿವಿಗೊಟ್ಟದ್ದು. “ಇದು ನಮಗೇಕೆ?” ಎಂದು ಆ ದಾರಿಹೋಕರು ಎದ್ದು ಹೋಗಲಿಲ್ಲ, ಜಂಗಮರೂ ಮುಖ ತಿರುಗಿಸಲಿಲ್ಲ.

ಹಿರಿಯರೇ, ಇಂದು ನಿಮ್ಮಿಂದ ಆಗಬೇಕಾದುದೂ ಇದೇ. ನಿಮ್ಮ ಬೀದಿಯಲ್ಲಿ ಕಂತಿನ ದಿನ ಬಾಗಿಲು ಮುಚ್ಚುವ ಮನೆ ಯಾವುದೆಂದು ನಿಮಗೆ ಗೊತ್ತಿರುತ್ತದೆ. ಅಲ್ಲಿಗೆ ಹೋಗಿ ಕುಳಿತುಕೊಳ್ಳಿ. ಉಪದೇಶ ಬೇಡ, ಮೊದಲು ಕೇಳಿ. ವಸೂಲಿಗೆ ಬಂದವರು ಅವಾಚ್ಯವಾಗಿ ಬೈದರೆ ಪಕ್ಕದಲ್ಲಿ ನಿಂತು, ಇದು ಕಾನೂನಿಗೆ ವಿರುದ್ಧವೆಂದು ಹೇಳಿ, ಪೊಲೀಸ್ ಠಾಣೆಗೆ ಜೊತೆಯಲ್ಲಿ ಹೋಗಿ. ಓದುಬಲ್ಲ ಮೊಮ್ಮಕ್ಕಳನ್ನು ಕೂರಿಸಿ ಆ ಮನೆಯ ಸಾಲವೆಲ್ಲವನ್ನೂ ಒಂದು ಕಾಗದದಲ್ಲಿ ಬರೆಸಿ. ಮದುವೆಗಾಗಿ ಸಾಲ ಎತ್ತಲು ಹೊರಟವರಿಗೆ ಸುತ್ತೂರು ಜಾತ್ರೆಯ ಸಾಮೂಹಿಕ ವಿವಾಹವನ್ನು ನೆನಪಿಸಿ. ಅಲ್ಲಿ ಮದುವೆಯಾಗುವುದು ಬಡತನದ ಗುರುತಲ್ಲವೆಂದು ತೋರಿಸಲು ಅನುಕೂಲಸ್ಥರೂ ತಮ್ಮ ಮಕ್ಕಳ ಮದುವೆಯನ್ನು ಅಲ್ಲಿಯೇ ಮಾಡಲಿ. ಯಾರಾದರೂ ಊಟ ಬಿಟ್ಟು, ಮಾತು ಬಿಟ್ಟು, ಬದುಕು ಸಾಕೆಂದು ಆಡತೊಡಗಿದರೆ ಅವರನ್ನು ಒಂಟಿಯಾಗಿ ಬಿಡಬೇಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲಿಯೇ ಮಾತನಾಡಬಹುದು. ಮನಸ್ಸಿನ ಕಾಯಿಲೆಗೆ ವೈದ್ಯರ ಬಳಿ ಹೋಗುವುದು ಭಕ್ತಿಯ ಕೊರತೆಯಲ್ಲ. ಜ್ವರಕ್ಕೆ ಮದ್ದು ಕುಡಿದಷ್ಟೇ ಸಹಜ ಅದು.

ದಿನಕ್ಕೆ ಎರಡು ಹೊತ್ತು, ಬೆಳಗಿನ ಜಾವ ಮತ್ತು ದೀಪ ಹಚ್ಚುವ ಹೊತ್ತಿನಲ್ಲಿ, ಮನೆಮಂದಿಯೆಲ್ಲ ಟಿ.ವಿ. ಆರಿಸಿ, ಮೊಬೈಲು ಬದಿಗಿಟ್ಟು, ಸ್ವಲ್ಪ ಹೊತ್ತು ಮೌನವಾಗಿ ಕುಳಿತುಕೊಳ್ಳುವ ರೂಢಿ ಮಾಡಿ. ಲಿಂಗ ಉಳ್ಳವರು ಲಿಂಗವನ್ನು ನೋಡಲಿ, ಇಲ್ಲದವರು ದೀಪವನ್ನು ನೋಡಲಿ. ಬಳಿಕ ಪರಸ್ಪರ ಒಂದು ಮಾತು ಕೇಳಿಕೊಳ್ಳಿ: ಈ ದಿನ ನಮ್ಮಿಂದ ಯಾರಿಗೆ ಏನಾಗಬೇಕು? ಉತ್ತರ ಸಣ್ಣದೇ ಇರಲಿ. ಒಂದು ಸೇರು ರಾಗಿ, ಒಂದು ಗಂಟೆಯ ಆಳು ಕೆಲಸ, ಒಂದು ಒಳ್ಳೆಯ ಮಾತು.

2025ರ ಜೂನ್ ತಿಂಗಳಲ್ಲಿಯೇ ಕನ್ನಂಬಾಡಿ ಕಟ್ಟೆ ತುಂಬಿದಾಗ ಎಲ್ಲರೂ ಹರ್ಷಪಟ್ಟೆವು. ಅದು ತುಂಬದೇ ಉಳಿದ 2023ರ ದಿನಗಳಲ್ಲಿಯೂ ಸೂರ್ಯ ಹುಟ್ಟುತ್ತಿದ್ದ, ಉಸಿರು ಆಡುತ್ತಿತ್ತು, ಶಿವ ಅಂಗೈಯಲ್ಲಿಯೇ ಇದ್ದ. ಕಟ್ಟೆ ಮುಂದೆಯೂ ತುಂಬೀತು, ಬರಿದಾದೀತು. ಎರಡೂ ದಿನಗಳಲ್ಲಿ ನೆರೆಯವನ ಬಾಗಿಲಿಗೆ ಹೋಗುವ ಮನಸ್ಸನ್ನು, ಇಂದಿನ ಕಾಯಕವನ್ನು ಇಂದೇ ಮಾಡುವ ಶಕ್ತಿಯನ್ನು ಕಪಿಲಾ ತೀರದ ಎಲ್ಲ ಮನೆಗಳಿಗೂ ಪರಶಿವನು ಕರುಣಿಸಲಿ. ಸಾಲಕ್ಕೆ ಅಂಜಿ ಊರು ಬಿಟ್ಟವರು ಅಂಜಿಕೆಯಿಲ್ಲದೆ ತಮ್ಮ ಜಗಲಿಗೆ ಮರಳಿ ಬರಲೆಂದು ಹಾರೈಸುತ್ತೇವೆ.